ಕೊನೆಯ ಸಾಲಿಗೆ ಕೇಳಿಸುವಷ್ಟು

ಅಂಗಡಿಯ ಆ ತುದಿಯಲ್ಲಿ ಅಕ್ಕ ಮೈಕ್ ಹಿಡಿದು ನಿಂತಿದ್ದಳು. ಈ ತುದಿಯಲ್ಲಿ, ಖಾಲಿ ರಟ್ಟಿನ ಪೆಟ್ಟಿಗೆಗಳ ರಾಶಿಗೆ ಬೆನ್ನು ತಾಗಿಸಿ ನಾನು. ನಡುವೆ ಗಿಟಾರುಗಳನ್ನು ತೂಗುಹಾಕಿದ ಗೋಡೆ, ವೈರುಗಳ ಸುರುಳಿಗಳು, ಒಂದರ ಮೇಲೊಂದು ಪೇರಿಸಿದ ಸ್ಪೀಕರುಗಳು. ಭಾವ ಸ್ಟೂಲಿನ ಮೇಲೆ ಕುಳಿತು ತಮ್ಮ ಗಿಟಾರಿನ ಕಿವಿ ಹಿಂಡುತ್ತಿದ್ದರು.

"ಹಾಡಿ ಮೇಡಂ, ಸಂಕೋಚ ಬೇಡ," ಎಂದರು ಅಂಗಡಿಯವರು. "ಬಂದೋರೆಲ್ಲ ಹಲೋ ಹಲೋ ಅಂದು ನೋಡಿ ತಗೊಂಡು ಹೋಗ್ತಾರೆ. ಹಲೋಗೆ ಯಾವ ಡಬ್ಬಾ ಆದ್ರೂ ಚೆನ್ನಾಗೇ ಇರತ್ತೆ."

ಅಕ್ಕ ಬಾಯಿ ತೆರೆದಳು. ಅವಳು ಹಾಡಿ ತಿಂಗಳುಗಳೇ ಆಗಿದ್ದವು. ಹಿಂದಿನ ಕಾರ್ಯಕ್ರಮದ ನಡುವೆ ಅವಳ ಗಂಟಲಿನೊಳಗೆ ಒಂದು ಸಣ್ಣ ರಕ್ತನಾಳ ಒಡೆದಿತ್ತು. ಹಾಡು ಅಲ್ಲಿಗೇ ನಿಂತಿತು, ಮನೆಗೆ ಬರುವ ಹೊತ್ತಿಗೆ ಮಾತೂ ನಿಂತಿತು. ಆಮೇಲೆ ನಮ್ಮದು ಸನ್ನೆಯ ಸಂಸಾರ. ಕೊನೆಗೊಂದು ದಿನ ಗಂಟಲಿನ ಡಾಕ್ಟರು ಹಾಡಬಹುದು ಎಂದರು, ಆದರೆ ಹಾಗೆ ಅನ್ನುವಾಗ ಅವರು ನೋಡಿದ್ದು ಅಕ್ಕನನ್ನಲ್ಲ, ನನ್ನನ್ನು. "ಮೆಲ್ಲಗೆ ಹಾಡ್ಲಿ. ದೂರ ತಲುಪಿಸೋ ಕೆಲಸ ಮೈಕಿಗೆ ಬಿಡ್ಲಿ. ಅದೇ ಜಾಗ ಇನ್ನೊಂದ್ಸಲ ಒಡೆದ್ರೆ, ದನಿ ವಾಪಸ್ ಬರತ್ತೆ ಅಂತ ನಾನಂತೂ ಮಾತು ಕೊಡಲ್ಲ."

ಅಲ್ಲಿಯ ತನಕ ಅಕ್ಕ ಮೈಕ್ ಮುಟ್ಟಿದವಳಲ್ಲ. ಅವಳು, ಭಾವನ ಗಿಟಾರು, ಇಷ್ಟೇ. ಹಾಡುತ್ತಿದ್ದದ್ದು ವಾಚನಾಲಯ, ವೃದ್ಧಾಶ್ರಮ, ಯಾರದೋ ಮನೆಯ ಮಹಡಿ, ಇಂಥ ಸಣ್ಣ ಜಾಗಗಳಲ್ಲಿ. ಈಗ ಹೊತ್ತೊಯ್ಯಬಹುದಾದ, ನಮ್ಮ ಕೈಗೆಟುಕುವ ಒಂದು ಸ್ಪೀಕರ್ ಬೇಕಿತ್ತು. ಅದಕ್ಕಾಗಿ ಭಾವ ತಮ್ಮ ಎರಡು ಗಿಟಾರುಗಳಲ್ಲಿ ಒಂದನ್ನು ಮಾರಿದ್ದರು. ಇನ್ನೊಂದನ್ನು ಮಾರಿದರೆ ನುಡಿಸಲು ಏನೂ ಇರುವುದಿಲ್ಲ. ಹಾಗಾಗಿ ಆರಿಸುವುದು ಒಂದೇ ಸಲ, ಮತ್ತು ಆರಿಸಬೇಕಾದವಳು ನಾನು.

ನಾನೇ ಏಕೆ ಎಂದರೆ, ಬಟ್ಟೆ ಫ್ಯಾಕ್ಟರಿಯಲ್ಲಿ ನನ್ನದು ಚೆಕಿಂಗ್ ಕೆಲಸ. ಹೊಲಿಗೆ ಬಿಟ್ಟಿದೆಯೇ, ಗುಂಡಿ ಸಡಿಲವೇ ಎಂದು ನೋಡುವುದು. ಭಾವ ನನ್ನನ್ನು ಇನ್‌ಸ್ಪೆಕ್ಟರ್ ಎಂದೇ ಕರೆಯುವುದು. ಆದರೆ ನಿಜವಾದ ಕಾರಣ ಅದಲ್ಲ. ಚಿಕ್ಕವಳಿದ್ದಾಗಿನಿಂದ ನಾನು ಕೊನೆಯ ಸಾಲಿನವಳು.

ಅಮ್ಮನೂ ಹಾಡುತ್ತಿದ್ದಳು. ಅವಳು ಹೋದಲ್ಲೆಲ್ಲ ನನ್ನನ್ನು ಎಲ್ಲರಿಗಿಂತ ಹಿಂದೆ, ಗೋಡೆ ಪಕ್ಕದ ಕುರ್ಚಿಯಲ್ಲಿ ಕೂರಿಸುತ್ತಿದ್ದಳು. ಕೇಳಿಸದಿದ್ದರೆ ನಾನು ಕಿವಿಯೋಲೆ ಮುಟ್ಟಬೇಕು, ಕೇಳಿಸುತ್ತಿದ್ದರೆ ಕೈ ಮಡಿಲಲ್ಲಿ. "ಕೊನೇ ಸಾಲಲ್ಲಿ ಕೂತೋರೂ ನಮ್ಮನ್ನ ನಂಬ್ಕೊಂಡೇ ಬಂದಿರ್ತಾರೆ," ಎನ್ನುತ್ತಿದ್ದಳು. ಅಮ್ಮನ ನಂತರ ಅಕ್ಕ ಹಾಡತೊಡಗಿದಾಗ ಕುರ್ಚಿಯೂ ಓಲೆಯೂ ಹಾಗೇ ಮುಂದುವರಿದವು. ನಾನು ಓಲೆ ಮುಟ್ಟಿದರೆ ಅಕ್ಕನ ದನಿ ಏರುತ್ತಿತ್ತು. ಅವಳು ಯೋಚಿಸಿ ಏರಿಸುತ್ತಿರಲಿಲ್ಲ. ಬಿಸಿ ತಾಗಿದರೆ ಕೈ ಹಿಂದಕ್ಕೆ ಬರುತ್ತದಲ್ಲ, ಹಾಗೆ.

ಅಂಗಡಿಯವರು ಮೊದಲು ತಂದದ್ದು ಚಕ್ರ ಇರುವ ದೊಡ್ಡ ಡಬ್ಬಾ. ಸ್ವಿಚ್ಚು ಹಾಕಿದರೆ ಅದರ ಮೂತಿಯ ಸುತ್ತ ಬಣ್ಣದ ದೀಪಗಳು ಓಡಾಡಿದವು. ಅಕ್ಕನ ದನಿ ಡ್ರಮ್ಮಿನೊಳಗೆ ಇಳಿದು ಮಾತಾಡಿದ ಹಾಗೆ ಬಂತು. ಎದೆಗೆ ಗುದ್ದಿತೇ ಹೊರತು ಒಂದು ಪದವೂ ಸರಿಯಾಗಿ ತಿಳಿಯಲಿಲ್ಲ.

"ಇದು ಚೆನ್ನಾಗಿದೆ," ಎಂದರು ಭಾವ. "ಹಾಡು ಬೇಜಾರಾದ್ರೆ ದೀಪ ನೋಡ್ತಾರೆ."

ಎರಡನೆಯದು ಎತ್ತರದ ತೆಳು ಕಂಬ. ದನಿ ಬಹಳ ಚೆನ್ನಾಗಿತ್ತು. ಭಾವ ಬೆಲೆಯ ಚೀಟಿಯನ್ನು ತಿರುಗಿಸಿ ನೋಡಿ, ಮಲಗಿದ ಮಗುವಿಗೆ ಹೊದಿಸುವಂತೆ ಮೆಲ್ಲಗೆ ಅದನ್ನು ಮತ್ತೆ ಮಗುಚಿಟ್ಟರು.

ಮೂರನೆಯದು ಒಂದೇ ಕೈಯಲ್ಲಿ ಎತ್ತಬಹುದಾದ ಪುಟ್ಟ ಪೆಟ್ಟಿಗೆ. ಮೈಕಿಗೊಂದು ತೂತು, ಗಿಟಾರಿಗೊಂದು ತೂತು, ಒಳಗೇ ಬ್ಯಾಟರಿ. ಬೆಲೆಯೂ ನಮ್ಮದೇ. ಅಕ್ಕ ಹಾಡಿದಳು. ಮೊದಲ ಸಾಲು ನನ್ನ ತನಕ ಬರಲಿಲ್ಲ. ಕೈ ತಾನಾಗಿ ಓಲೆಗೆ ಹೋಯಿತು. ಎರಡನೆಯ ಸಾಲು ಸ್ಪಷ್ಟವಾಗಿ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬಂದು ಕಿವಿಗೆ ಬಿತ್ತು. ಕೈ ಇಳಿಸಿದೆ.

"ಇದೇ," ಎಂದೆ.

ಯಾವುದನ್ನೂ ಅಷ್ಟು ಬೇಗ ಒಪ್ಪದವಳು ನಾನು. ಭಾವ ಹುಬ್ಬೇರಿಸಿದರು. "ಇನ್‌ಸ್ಪೆಕ್ಟರಮ್ಮ ಪಾಸ್ ಮಾಡ್ಬಿಟ್ರು. ಬಿಲ್ ಹಾಕಿ ಸ್ವಾಮಿ, ಮನಸ್ಸು ಬದಲಾಯಿಸೋ ಮುಂಚೆ."

"ಒಂದು ವಾರದೊಳಗೆ ಬದಲಾಯಿಸ್ಕೋಬೋದು," ಎಂದರು ಅಂಗಡಿಯವರು. "ಆದ್ರೆ ಪೆಟ್ಟಿಗೆ, ಥರ್ಮಾಕೋಲು ಎಲ್ಲ ಇರ್ಬೇಕು. ಗೀರು ಬಿದ್ದಿರ್ಬಾರ್ದು."

*

ಕಾರ್ಯಕ್ರಮ ಭಾನುವಾರ ಸಂಜೆ, ಲೈಬ್ರರಿಯ ವಾಚನ ಕೊಠಡಿಯಲ್ಲಿ. ಶುಕ್ರವಾರ ಅಲ್ಲಿಯೇ ತಾಲೀಮಿಗೆ ಹೋದೆವು. ಲೈಬ್ರರಿ ಮೇಡಂ ಬೀಗ ತೆಗೆದು, "ಪತ್ರಿಕೆ ಸ್ಟ್ಯಾಂಡು ಮಾತ್ರ ಜರುಗಿಸ್ಬೇಡಿ, ಅದರ ಕಾಲು ಸರಿಯಿಲ್ಲ," ಎಂದು ಹೇಳಿ ತಮ್ಮ ಕೋಣೆಗೆ ಹೋದರು. ಉದ್ದ ಮೇಜುಗಳನ್ನು ಗೋಡೆಗೆ ಸರಿಸಿ ಕುರ್ಚಿಗಳನ್ನು ಸಾಲಾಗಿ ಜೋಡಿಸಿದೆವು. ಪುಟ್ಟ ಪೆಟ್ಟಿಗೆಯನ್ನು ಅಕ್ಕನ ಕಾಲ ಬಳಿ ಇಟ್ಟು, ನಾನು ಹೋಗಿ ಪತ್ರಿಕೆ ಸ್ಟ್ಯಾಂಡಿನ ಪಕ್ಕದ ಕೊನೆಯ ಕುರ್ಚಿಯಲ್ಲಿ ಕುಳಿತೆ.

ಮೊದಲ ಹಾಡು ಚೆನ್ನಾಗಿ ಕೇಳಿಸಿತು. ಆಮೇಲೆ ಅಕ್ಕ ಬಿಸಿನೀರು ಕುಡಿಯಲು ಎದ್ದಳು, ಭಾವ ಕಿಟಕಿ ಮುಚ್ಚಿ ಬಂದರು. ಎರಡನೆಯ ಹಾಡು ಇನ್ನೂ ಚೆನ್ನಾಗಿ ಕೇಳಿಸಿತು. ಎಷ್ಟು ಚೆನ್ನಾಗಿ ಎಂದರೆ, ನಾನು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಕಣ್ಣೂ ಮುಚ್ಚಿದ್ದೆ. ಹಾಡು ಮುಗಿದಾಗ ಭಾವ ಬಗ್ಗಿ ನೆಲ ನೋಡುತ್ತಿದ್ದರು.

"ಇದೇನಿದು?"

ಅವರ ಕೈಯಲ್ಲಿ ಮೈಕಿನ ವೈರಿನ ತುದಿ ಇತ್ತು. ಅದು ಪೆಟ್ಟಿಗೆಯೊಳಗೆ ಇರಬೇಕಾದ ತುದಿ.

"ಕಿಟಕಿ ಮುಚ್ಚೋಕೆ ಎದ್ದಾಗ ನನ್ನ ಕಾಲಿಗೇ ಸಿಕ್ಕಿರ್ಬೇಕು," ಎಂದರು.

"ಅಂದ್ರೆ ಈ ಹಾಡು ಪೂರ್ತಿ ಮೈಕಿಲ್ದೇ ಹಾಡಿದ್ನಾ?" ಅಕ್ಕ ನಕ್ಕಳು. "ನೋಡಿ ಮತ್ತೆ. ಸುಮ್ನೆ ಗಿಟಾರ್ ಮಾರಿದ್ರಿ."

ಆ ನಗುವಿನ ಅಂಚು ಕಾಗದ ಹರಿದಂತೆ ಒರಟಾಗಿತ್ತು. ನಾನು ನಗಲಿಲ್ಲ. ಹಾಡು ಪೂರ್ತಿ ಮೈಕ್ ಸತ್ತಿತ್ತು, ನನಗೆ ವ್ಯತ್ಯಾಸವೇ ತಿಳಿದಿರಲಿಲ್ಲ. ಅಂಗಡಿಯಲ್ಲಿ ಆ ಎರಡನೆಯ ಸಾಲು ನನ್ನ ತನಕ ಬಂದದ್ದು ಹೇಗೆ ಎಂಬುದು ಆಗ ಹೊಳೆಯಿತು. ನಾನು ಓಲೆ ಮುಟ್ಟಿದ್ದೆ, ಅಕ್ಕ ದನಿ ಏರಿಸಿದ್ದಳು. ನಾನು ಪಾಸ್ ಮಾಡಿದ್ದು ಪೆಟ್ಟಿಗೆಯನ್ನಲ್ಲ, ಅವಳ ಗಂಟಲನ್ನು.

ಎದ್ದು ಅವಳ ಪಕ್ಕಕ್ಕೆ ಹೋಗಿ ನಿಂತೆ. ವೈರು ಚುಚ್ಚಿ, "ಇನ್ನೊಂದ್ಸಲ ಹಾಡು," ಎಂದೆ. ಅಷ್ಟು ಹತ್ತಿರದಿಂದ ಅವಳ ಹಾಡು ಕೇಳಿ ನನಗೆ ಅಭ್ಯಾಸವೇ ಇರಲಿಲ್ಲ. ಕತ್ತಿನ ನರ ಬೆರಳಿನಷ್ಟು ದಪ್ಪವಾಗಿ ಎದ್ದು ನಿಂತಿತ್ತು. ಪ್ರತಿ ಸಾಲಿಗೂ ಮುಂಚೆ, ಭಾರ ಎತ್ತುವವರ ಹಾಗೆ ಉಸಿರೆಳೆದುಕೊಳ್ಳುತ್ತಿದ್ದಳು.

"ಅಕ್ಕಾ, ಮೈಕ್ ಇಲ್ಲೇ ಇದೆ. ಯಾರಿಗೆ ಹಾಡ್ತಾ ಇದ್ದೀಯ ನೀನು?"

"ಇನ್ಯಾರಿಗೆ, ನಿನಗೆ," ಎಂದಳು, ಇದೂ ಒಂದು ಪ್ರಶ್ನೆಯೇ ಎಂಬಂತೆ. "ನಿನ್ನ ಕೈ ಮೇಲೇ ಇರತ್ತೆ ಕಣೇ ನನ್ನ ಕಣ್ಣು. ಅದು ಕಿವಿಗೆ ಹೋದ್ರೆ ನನಗೆ ಮಾನ ಹೋದಂಗೆ."

ಭಾವ ಏನೂ ತಮಾಷೆ ಮಾಡಲಿಲ್ಲ. ಗಿಟಾರನ್ನು ಚೀಲಕ್ಕೆ ಇಳಿಸುತ್ತಾ, "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ," ಎಂದರು ತಮ್ಮಷ್ಟಕ್ಕೇ.

*

ಶನಿವಾರ ಬಾಗಿಲು ತೆರೆಯುವ ಹೊತ್ತಿಗೆ ಅಂಗಡಿಯ ಮುಂದೆ ನಿಂತಿದ್ದೆವು. ಅಂಗಡಿಯವರು ಪೆಟ್ಟಿಗೆಯನ್ನು ದೀಪದ ಕೆಳಗೆ ಹಿಡಿದು ಎಲ್ಲ ಮಗ್ಗುಲೂ ನೋಡಿದರು. ಆಮೇಲೆ ರಟ್ಟಿನೊಳಗೆ ಕೈ ಹಾಕಿ, ತೇವ ಹೀರಲು ಇಟ್ಟಿರುವ ಪುಟ್ಟ ಪೊಟ್ಟಣವನ್ನು ಹೊರತೆಗೆದರು.

"ಇದನ್ನೂ ಇಟ್ಟಿದ್ದೀರಾ?"

"ಬೇಕಾಗತ್ತೇನೋ ಅಂತ," ಎಂದೆ.

"ಅವಳು ಕಿತ್ತ ಟೇಪನ್ನೂ ಇಟ್ಟಿದ್ದಾಳೆ, ಕೇಳಿದ್ರೆ ಕೊಡ್ತಾಳೆ," ಎಂದರು ಭಾವ.

ಅವರು ಪೆಟ್ಟಿಗೆ ವಾಪಸ್ ತೆಗೆದುಕೊಂಡರು. ಈಗ ಮತ್ತೆ ಮೊದಲಿನಿಂದ ಆರಿಸಬೇಕು. ಕೈಯಲ್ಲಿ ಇದ್ದದ್ದು ಆ ಒಂದು ದಿನ ಮಾತ್ರ, ಮತ್ತು ನನ್ನ ಕಿವಿಯನ್ನು ನಾನೇ ನಂಬದ ಸ್ಥಿತಿ. ಇಡೀ ರಾತ್ರಿ ಒಂದೇ ಯೋಚನೆ ಮಾಡಿದ್ದೆ. ಅದನ್ನೇ ಹೇಳಿದೆ.

"ಅಕ್ಕಾ, ನೀನು ಆ ಗೋಡೆ ಕಡೆ ತಿರುಗಿ ಕೂತ್ಕೋ. ನನ್ನ ನೋಡ್ಬಾರ್ದು. ಪಕ್ಕದ ಮನೆ ಮಗು ಈಗಷ್ಟೇ ಮಲಗಿದೆ ಅಂದ್ಕೋ, ಎದ್ರೆ ಅವರಮ್ಮ ಜಗಳಕ್ಕೆ ಬರ್ತಾಳೆ. ಅಷ್ಟು ಮೆಲ್ಲಗೆ ಹಾಡು."

"ಇದೇನಮ್ಮಾ," ಎಂದರು ಅಂಗಡಿಯವರು, "ಮೇಷ್ಟ್ರು ಮಕ್ಕಳನ್ನ ಮೂಲೇಲಿ ಕೂರಿಸ್ದಂಗಿದೆ."

ಅಕ್ಕನಿಗೆ ಅವಮಾನವಾಯಿತು. ಅವಳು ಸ್ಟೂಲನ್ನು ಬೇಕಂತಲೇ ಸದ್ದು ಮಾಡಿ ಎಳೆದುಕೊಂಡು, ಬೆನ್ನು ಮಾಡಿ ಕುಳಿತಳು. ಆದರೆ ಹಾಡಿದಳು, ನಿಜಕ್ಕೂ ಮೆಲ್ಲಗೆ. ಅದೇ ಪುಟ್ಟ ಪೆಟ್ಟಿಗೆಯಲ್ಲೇ ಮೊದಲು ನೋಡಿದೆವು. ಪದಗಳು ಗಿಟಾರಿನ ಗೋಡೆಯ ತನಕ ಬಂದು ಅಲ್ಲೇ ಸತ್ತವು. ಅಂಗಡಿಯವರು ವಾಲ್ಯೂಮ್ ತಿರುಗಿಸಿದರು. ಪೆಟ್ಟಿಗೆ ಕೀ ಎಂದು ಕಿರುಚಿತು, ಅಕ್ಕ ಎರಡೂ ಕಿವಿ ಮುಚ್ಚಿಕೊಂಡಳು.

"ಅದು ಕೆಳಗಿದೆ, ಮೈಕಿನ ಹಿಂದಿದೆ. ತನ್ನ ಸದ್ದನ್ನ ತಾನೇ ಕೇಳಿಸ್ಕೊಂಡು ಕೂಗತ್ತೆ," ಎಂದರು ಅವರು. "ಮೇಲೆ ಎತ್ತಿ, ಹಾಡೋರಿಗಿಂತ ಒಂದು ಹೆಜ್ಜೆ ಮುಂದೆ ಇಟ್ರೆ ಸರಿಹೋಗತ್ತೆ. ಆದ್ರೆ ಇದಕ್ಕೆ ಸ್ಟ್ಯಾಂಡ್ ಕೂರಲ್ಲ."

"ಸ್ಟ್ಯಾಂಡ್ ಕೂರೋದು ಯಾವ್ದಿದೆ, ನಮ್ಮ ಬೆಲೆಗೆ?"

ಅವರು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಗಾಜಿನ ಹಿಂದೆ ಪ್ರದರ್ಶನಕ್ಕಿಟ್ಟಿದ್ದ ಬೂದು ಬಣ್ಣದ ಡಬ್ಬಾ ಇಳಿಸಿದರು. ಹಳೆಯ ಮಾದರಿ. ಒಂದು ಮೂಲೆ ಜಜ್ಜಿತ್ತು, ಬಿಸಿಲಿಗೆ ಒಂದು ಮಗ್ಗುಲು ಬಣ್ಣ ಕಳೆದುಕೊಂಡಿತ್ತು. ದೀಪ ಗೀಪ ಏನೂ ಇಲ್ಲ. ಅಡಿಯಲ್ಲಿ ಸ್ಟ್ಯಾಂಡಿನ ಕೊಳವೆ ಕೂರುವ ತೂತು ಇತ್ತು. ಅದನ್ನು ನಮ್ಮ ತಲೆಗಿಂತ ಎತ್ತರಕ್ಕೆ ಏರಿಸಿ, ಅಕ್ಕನ ಮುಂದೆ ಒಂದು ಬದಿಗೆ ನಿಲ್ಲಿಸಿದರು.

ಅಕ್ಕ ಗೋಡೆಗೆ ಹಾಡಿದಳು. ನಾನು ರಟ್ಟಿನ ರಾಶಿಯ ಪಕ್ಕ ನಿಂತು ಕೈಗಳನ್ನು ಬೆನ್ನ ಹಿಂದೆ ಒಂದರೊಳಗೊಂದು ಬಿಗಿಹಿಡಿದಿದ್ದೆ. ಪದಗಳು ಬಂದವು. ದೊಡ್ಡದಾಗಿ ಅಲ್ಲ, ಆದರೆ ಬಂದವು. ಪಕ್ಕದಲ್ಲಿ ಕುಳಿತು ಯಾರೋ ತಮ್ಮಷ್ಟಕ್ಕೆ ಹಾಡಿಕೊಂಡ ಹಾಗೆ.

"ಭಾವ, ನೀವು ಬಂದು ಕೇಳಿ."

ಅವರು ಬಂದು ಕೇಳಿದರು. ಅಂಗಡಿಯವರನ್ನೂ ಕರೆದೆ. ಮೈಕಿನ ವೈರು ಕಿತ್ತು ಹಾಡಿಸಿದೆ, ಏನೂ ಕೇಳಿಸಲಿಲ್ಲ. ಚುಚ್ಚಿ ಹಾಡಿಸಿದೆ, ಕೇಳಿಸಿತು. ಮತ್ತೆ ಕಿತ್ತೆ.

"ಇನ್ನೊಂದ್ಸಲ ಕಿತ್ರೆ ನಾನೇ ಎದ್ದು ಹೋಗ್ತೀನಿ," ಎಂದಳು ಅಕ್ಕ, ಗೋಡೆಯ ಕಡೆಗೇ.

"ಒಂದು ಮಾತು," ಎಂದರು ಅಂಗಡಿಯವರು. "ಪ್ರದರ್ಶನದ ಪೀಸು, ಅದಕ್ಕೇ ಈ ಬೆಲೆ. ಇದು ವಾಪಸ್ ಇಲ್ಲ. ಮತ್ತೆ, ಇಲ್ಲಿ ನಾವು ನಾಲ್ಕೇ ಜನ. ಜನ ತುಂಬಿದ್ರೆ ಮೈ, ಬಟ್ಟೆ ಎಲ್ಲ ಸದ್ದು ಹೀರ್ಕೊಳ್ಳತ್ತೆ. ಆಗ ಎಷ್ಟು ಕೇಳ್ಸತ್ತೆ ಅಂತ ನಾನು ಹೇಳಕ್ಕಾಗಲ್ಲ."

ಎಲ್ಲರೂ ನನ್ನ ಮುಖ ನೋಡಿದರು. ಅಕ್ಕನೂ ತಿರುಗಿದ್ದಳು. ಗೊತ್ತಿಲ್ಲ ಎಂದು ಹೇಳಬೇಕೆನಿಸಿತು. ನಿಜವಾಗಿ ಗೊತ್ತಿರಲಿಲ್ಲ.

"ತಗೊಳ್ಳೋಣ," ಎಂದೆ.

*

ಭಾನುವಾರ ಕುರ್ಚಿಗಳೆಲ್ಲ ತುಂಬಿ, ಗೋಡೆಗೆ ಸರಿಸಿದ್ದ ಮೇಜುಗಳ ಮೇಲೂ ಜನ ಕುಳಿತರು. ಜನ ಬಂದಷ್ಟೂ ನನಗೆ ಸಂಕಟ. ಒಬ್ಬೊಬ್ಬರು ಒಳಗೆ ಬಂದಾಗಲೂ ಅವರ ಕೋಟು, ಶಾಲುಗಳ ಕಡೆಗೇ ನನ್ನ ಕಣ್ಣು. ಇಷ್ಟು ಬಟ್ಟೆ ಎಷ್ಟು ಸದ್ದು ಕುಡಿದೀತು ಎಂದು.

ಕಾರ್ಯಕ್ರಮಕ್ಕೆ ಮುಂಚೆ ಎರಡೂ ಓಲೆ ಬಿಚ್ಚಿ ಗಿಟಾರಿನ ಚೀಲದಲ್ಲಿ ಹಾಕಿದೆ. ಕೊನೆಯ ಸಾಲಿಗೂ ಹೋಗಲಿಲ್ಲ. ಡಬ್ಬಾದ ಪಕ್ಕ, ವಾಲ್ಯೂಮಿನ ತಿರುಗಣೆ ಕೈಗೆ ಸಿಗುವಲ್ಲಿ ಒಂದು ಸ್ಟೂಲು ಹಾಕಿಕೊಂಡೆ. ಅಕ್ಕನಿಗೆ ಹೇಳಿದ್ದೆ: "ಯಾರನ್ನೂ ನೋಡ್ಬೇಡ. ಕೇಳಿಸ್ದಿದ್ರೆ ನಾನು ಇದನ್ನ ತಿರುಗಿಸ್ತೀನಿ. ನೀನು ಏರಿಸ್ಬೇಡ."

ಅಕ್ಕ ತಲೆಯಾಡಿಸಿದ್ದಳು. ಕಾರ್ಯಕ್ರಮದ ದಿನ ಅವಳು ಹಾಡು ಬಿಟ್ಟರೆ ಮಾತಾಡುವಂತಿರಲಿಲ್ಲ. ಮುಗಿದ ಮೇಲೂ ಮರುದಿನ ಬೆಳಗಿನ ತನಕ ಮೌನ, ಡಾಕ್ಟರ ಕಟ್ಟಪ್ಪಣೆ. ಗಂಟಲಿಗೆ ಪೆಟ್ಟಾಗಿದ್ದರೆ ಅದು ತಿಳಿಯುವುದು ಬೆಳಗಿನ ಮೊದಲ ಮಾತಿನಲ್ಲಿ ಎಂದಿದ್ದರು.

ಮೊದಲ ಹಾಡು ದಡ ಸೇರಿತು. ಎರಡನೆಯದು ಅಮ್ಮ ಹಾಡುತ್ತಿದ್ದ ಹಾಡು. ಅದರ ನಡುವಿನಲ್ಲಿ, ಕೊನೆಯ ಸಾಲಿನಲ್ಲಿ, ಪತ್ರಿಕೆ ಸ್ಟ್ಯಾಂಡಿನ ಪಕ್ಕ, ಸರಿಯಾಗಿ ನನ್ನ ಕುರ್ಚಿಯಲ್ಲಿ ಕುಳಿತಿದ್ದ ವಯಸ್ಸಾದವರೊಬ್ಬರು ಮುಂದಕ್ಕೆ ಬಾಗಿದರು. ಕೈಯನ್ನು ಬಟ್ಟಲು ಮಾಡಿ ಕಿವಿಯ ಹಿಂದೆ ಇಟ್ಟುಕೊಂಡರು.

ನಾನು ನೋಡಿದೆ. ಅಕ್ಕ ನೋಡಿದ್ದಾಳೆ ಎಂಬುದನ್ನೂ ನೋಡಿದೆ. ಅವಳ ಭುಜ ಏರಿತು, ಕತ್ತಿನ ನರ ಎದ್ದಿತು. ಮುಂದಿನ ಸಾಲು ಮೈಕನ್ನು ದಾಟಿಕೊಂಡು ಅವಳ ಎದೆಯಿಂದಲೇ ನೇರವಾಗಿ ಹೋಯಿತು. ನಾನು ತಿರುಗಣೆ ತಿರುಗಿಸಿದೆ. ಡಬ್ಬಾದೊಳಗೆ ತೆಳ್ಳಗೆ ಕೀ ಎಂಬ ಸದ್ದು ಹುಟ್ಟತೊಡಗಿತು. ತಕ್ಷಣ ಇಳಿಸಿದೆ. ಅದರಲ್ಲಿ ಇನ್ನು ಕೊಡಲು ಏನೂ ಉಳಿದಿರಲಿಲ್ಲ. ಆ ವಯಸ್ಸಾದವರ ಕೈ ಕಿವಿಯ ಹಿಂದೆಯೇ ಇತ್ತು. ಭಾವ ನುಡಿಸುತ್ತಲೇ ನನ್ನ ಕಡೆ ನೋಡಿದರು. ಅವರ ಮುಖ ಬಿಳಿಚಿತ್ತು.

ಎದ್ದೆ. ಮೇಜುಗಳ ಪಕ್ಕದಿಂದ, ಜನರ ಮೊಣಕಾಲು ತಾಗಿಸಿಕೊಂಡು ಹಿಂದಕ್ಕೆ ಹೋದೆ. ಅಕ್ಕ ನನ್ನನ್ನು ಕಣ್ಣಿನಲ್ಲೇ ಹಿಂಬಾಲಿಸುತ್ತಿದ್ದಳು. ಆ ವಯಸ್ಸಾದವರ ಕುರ್ಚಿಯ ಮುಂದೆ, ಅವರ ಕೈ ಅವಳಿಗೆ ಕಾಣದ ಹಾಗೆ ನಿಂತೆ.

ನಿಂತು ಕೇಳಿದೆ. ಅಕ್ಕ ಉಸಿರು ತೆಗೆದುಕೊಳ್ಳಲು ಸ್ವಲ್ಪ ಮೆಲ್ಲಗಾದಾಗೆಲ್ಲ ಅರ್ಧ ಪದಗಳು ದಾರಿಯಲ್ಲೇ ಕರಗುತ್ತಿದ್ದವು. ಆ ವಯಸ್ಸಾದವರ ಕೈ ಸುಳ್ಳು ಹೇಳಿರಲಿಲ್ಲ. ಅಲ್ಲಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ.

ನನ್ನ ಕೈ ಮೇಲೇಳಲು ತವಕಿಸಿತು. ಅಮ್ಮನ ಕಾಲದಿಂದ ಒಂದು ಸಲವೂ ನಾನು ಇಲ್ಲದ್ದನ್ನು ಇದೆ ಎಂದು ತೋರಿಸಿದವಳಲ್ಲ. ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಒಂದರ ಮೇಲೊಂದು ಇಟ್ಟು ಒತ್ತಿಹಿಡಿದೆ. ಅಕ್ಕನಿಗೆ ಕಾಣುವಂತೆ. ಕೇಳಿಸುತ್ತಿದೆ.

ಅವಳು ಒಂದು ಸಾಲು ಪೂರ್ತಿ ನನ್ನ ಕೈಗಳನ್ನೇ ನೋಡಿದಳು. ಆಮೇಲೆ ಅವಳ ಭುಜ ಇಳಿಯಿತು. ಅರ್ಧ ಹೆಜ್ಜೆ ಮುಂದೆ ಬಂದು, ತುಟಿ ತಾಗುವಷ್ಟು ಮೈಕಿನ ಹತ್ತಿರಕ್ಕೆ ಬಗ್ಗಿದಳು. ದನಿ ಇಳಿಸಿ ಇಳಿಸಿ ಆ ಮಲಗಿದ ಮಗುವಿನ ತನಕ ತಂದಳು. ಅಷ್ಟು ಹತ್ತಿರ ಬಂದದ್ದಕ್ಕೋ, ಅಥವಾ ಸದ್ದು ತಗ್ಗಿತೆಂದು ಮುಂದಿನವರೆಲ್ಲ ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ ನಿಲ್ಲಿಸಿ ಕಿವಿಗೊಟ್ಟದ್ದಕ್ಕೋ, ಹಾಡಿನ ಕೊನೆಯ ಭಾಗ ನನ್ನ ತನಕ ಬಂತು. ಪೂರ್ತಿ ಅಲ್ಲ. ಕೆಲವು ಪದ ನಾನೇ ತುಂಬಿಕೊಂಡಿರಬಹುದು, ಅಮ್ಮನ ಹಾಡಲ್ಲವೇ.

ಉಳಿದ ಕಾರ್ಯಕ್ರಮ ಮುಗಿಯುವ ತನಕ ನಾನು ಅಲ್ಲಿಂದ ಕದಲಲಿಲ್ಲ, ಕೈಯನ್ನೂ ಕದಲಿಸಲಿಲ್ಲ.

ಜನ ಎದ್ದಾಗ ಆ ವಯಸ್ಸಾದವರು ನನ್ನ ಭುಜ ತಟ್ಟಿದರು. "ನೀನು ಅಡ್ಡ ನಿಂತ್ಬಿಟ್ಟೆ ತಾಯಿ, ಹಾಡೋರ ಮುಖ ಒಂಚೂರೂ ಕಾಣ್ಲಿಲ್ಲ."

"ತಪ್ಪಾಯ್ತು. ಕೇಳಿಸ್ತಾ?"

"ಎರಡನೇದು ಮಧ್ಯದಲ್ಲಿ ಅಷ್ಟಾಗಿ ಕೇಳಿಸ್ಲಿಲ್ಲ. ಪರವಾಗಿಲ್ಲ ಬಿಡು. ಮುಂದಿನ ಸಲ ಮುಂದೆ ಕೂತ್ಕೋತೀನಿ."

ಮನೆಗೆ ಹೋಗುವಾಗ ಭಾವ ಡಬ್ಬಾ ಹೊತ್ತಿದ್ದರು, ನಾನು ಸ್ಟ್ಯಾಂಡು. ಅಕ್ಕ ನಡುವೆ ನಡೆಯುತ್ತಿದ್ದಳು, ಸ್ಕಾರ್ಫ್ ಗಂಟಲಿಗೆ ಸುತ್ತಿಕೊಂಡು, ಒಂದು ಮಾತೂ ಇಲ್ಲದೆ. ಒಂದು ಸಲ ನನ್ನ ಬರಿಗಿವಿ ಮುಟ್ಟಿ, ಓಲೆ ಎಲ್ಲಿ ಎಂದು ಕೈಯಲ್ಲೇ ಕೇಳಿದಳು. ಚೀಲದ ಕಡೆ ತೋರಿಸಿದೆ.

*

ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಅಡುಗೆಮನೆಯ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದೆ. ಅಕ್ಕ ಏಳುವ ಸದ್ದು, ಬಚ್ಚಲಿನ ನೀರಿನ ಸದ್ದು, ಚಪ್ಪಲಿಯ ಸದ್ದು ಒಂದೊಂದಾಗಿ ಕೇಳಿಸಿದವು. ಭಾವ ಹೊರಗಿನ ಕೋಣೆಯಲ್ಲಿ ಪತ್ರಿಕೆ ಹಿಡಿದಿದ್ದರು, ಹಾಳೆ ತಿರುಗಿಸುತ್ತಿರಲಿಲ್ಲ. ಚಪ್ಪಲಿ ಬಾಗಿಲ ಬಳಿ ಬಂದು ನಿಂತಿತು. ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

"ನಿನ್ನೆ ಕೊನೇ ಸಾಲಿಗೆ ಕೇಳಿಸ್ತಾ ಇರ್ಲಿಲ್ಲ, ಅಲ್ವಾ?"

ಪ್ರತಿ ಅಕ್ಷರವೂ ಸ್ಪಷ್ಟವಾಗಿತ್ತು. ಬಿರುಕಿಲ್ಲ, ಗೊಗ್ಗರಿಲ್ಲ, ಕಾಗದ ಹರಿದ ಅಂಚಿಲ್ಲ. ಹೊರಗೆ ಪತ್ರಿಕೆ ಕೆಳಗೆ ಬಿದ್ದ ಸದ್ದಾಯಿತು.

ನಾನು ಉತ್ತರ ಕೊಡಬೇಕಿತ್ತು. ಕೊಡುವ ಬದಲು ತಿರುಗಿ ಅವಳ ಗಂಟಲನ್ನೇ ನೋಡುತ್ತಾ ನಿಂತೆ.

"ಕೇಳಿದ್ದಕ್ಕೆ ಹೇಳೇ," ಎಂದಳು ಅಕ್ಕ ಅದೇ ದನಿಯಲ್ಲಿ, "ಆಮೇಲೆ ಒಲೆ ಆರ್ಸು. ಹಾಲು ಉಕ್ತಾ ಇದೆ."